ತಲೆ ಮೇಲಿನ ಚುಕ್ಕಿ

ಬಳೇಪೇಟೆಯಲ್ಲಿ, ಟ್ರಂಕು ಅಂಗಡಿಯ ಮಹಡಿ ಮೇಲೆ
ನಮ್ಮ ಬ್ಯಾಂಡ್ ಸೆಟ್ಟಿನ ಕೋಣೆ.
ಹನ್ನೊಂದು ಜನ, ಒಂಬತ್ತು ಕುರ್ಚಿ,
ಒಂದು ಕಿಟಕಿ, ಅದರ ತುಂಬ ಬಸ್ಸಿನ ಹಾರ್ನು.
ಮೂರು ತಿಂಗಳು ಐದು ಗೆರೆ ಎಣಿಸಲು ಕಲಿಸಿ
ಮಾಸ್ಟರ್ ಜ್ಞಾನಪ್ರಕಾಶಂ ಹೊಸ ಹಾಳೆ ಕೊಟ್ಟು
'ಊದಪ್ಪಾ' ಅಂದರು.

ಪ್ರತಿ ಸ್ವರದ ತಲೆ ಮೇಲೆ ಒಂದು ಚುಕ್ಕಿ.
ನಾನು ಕಲಿತ ಚುಕ್ಕಿಶಾಸ್ತ್ರ ಒಂದೇ:
ಮೇಲಿದ್ದರೆ ತಾರ, ಕೆಳಗಿದ್ದರೆ ಮಂದ್ರ.
ಉಸಿರು ಕಟ್ಟಿ ತಾರಕ್ಕೆ ಹತ್ತಿದೆ.
ಕ್ಲಾರಿನೆಟ್ ಕಿರುಚಿತು.
ಟ್ರಂಪೆಟ್ಟಿನ ಚಾಂದ್ ಪಾಷಾ ಟೀ ಲೋಟದೊಳಗೇ ನಕ್ಕ.

'ಹತ್ತೋದಲ್ಲಪ್ಪಾ, ಬಿಡೋದು. ಸ್ಟ್ಯಾಕಾಟೊ.
ಮುಟ್ಟು, ಬಿಡು. ಕಾದ ಹೆಂಚು ಮುಟ್ಟಿದ ಹಾಗೆ.
ಇದೇ ಚುಕ್ಕಿ ಪಕ್ಕದಲ್ಲಿ ಕೂತಿದ್ರೆ
ಸ್ವರಕ್ಕೆ ಒಂದೂವರೆ ಆಯಸ್ಸು,
ತಲೆ ಮೇಲೆ ಕೂತ್ರೆ ಅರ್ಧಾಯಸ್ಸು.
ಮನೇಲೂ ಹಂಗೇ ತಾನೆ?'
ಮಾಸ್ಟರು ಮೂರನೇ ಸಲ ಬಾಡಿಗೆ ಮನೆ ಬದಲಿಸಿದ ವಾರ ಅದು.

ನಮ್ಮ ವಂಶದಲ್ಲಿ ಸ್ವರವನ್ನು ಒಂಟಿಯಾಗಿ ಕಳಿಸಿದವರಿಲ್ಲ.
ಗಾಂಧಾರ ಹೊರಟರೆ ಮಧ್ಯಮದ ಹೊಸಿಲು ಸವರಿ,
ರಿಷಭದ ಕೈ ಹಿಡಿದು, ಓಲಾಡಿಕೊಂಡೇ ಹೋಗಬೇಕು.
ಅವಳೊಬ್ಬಳೇ ಬೀದಿಗಿಳಿದದ್ದನ್ನು ನಾನು ಕಂಡಿಲ್ಲ.
ಒಂದಾದ ಮೇಲೊಂದು ಊದಿದೆ,
ಹಲ್ಲು ಉದುರಿದಂತೆ.
ಪ್ರತಿ ಸಲ ಉಸಿರನ್ನೇ ಕತ್ತರಿಸಿ,
ಎಂಟನೆಯದಕ್ಕೆ ಎದೆ ಹಿಡಿದುಕೊಂಡು ಕೂತೆ.

ಇಳಿದು ಸಿಟಿ ಮಾರ್ಕೆಟ್ಟಿನ ಕಡೆ ನಡೆದರೆ
ಊರೆಲ್ಲ ಅದೇ ಪಾಠ.
ದಾರಿ ಬಿಡಿ, ದಾರಿ ಬಿಡಿ, ಮೂಟೆ ಹೊತ್ತವನದು.
ಚಿಲ್ಲರೆ ಇಲ್ಲ, ಬಿಡಿ, ಕಂಡಕ್ಟರನದು.
ಕಾಕಡದ ಗುಡ್ಡೆಯ ಹಿಂದೆ ಕೂತ ಹೆಂಗಸು
ತಲೆ ಎತ್ತದೆ ಕೇಳಿದಳು:
'ಮೊಳಾನೋ, ಬಿಡೀನೋ?'
ಹುಟ್ಟಿದಾಗಿನಿಂದ ಮೊಳ ಕೊಂಡವನು
ಅವತ್ತು ಬಿಡಿ ಅಂದೆ.
ನೂರು ಗ್ರಾಂ, ಎಲೆಯಲ್ಲಿ.
ದಾರ ಕಾಣದ ಹೂವಿಗೆ ವಾಸನೆ ಕಡಿಮೆಯೇನಿರಲಿಲ್ಲ.

ಗುಟ್ಟಹಳ್ಳಿಯ ಮನೆಯಲ್ಲಿ ಅಪ್ಪ ಹಾಳೆ ತಿರುಗಿಸಿ ನೋಡಿದ,
ತಲೆಕೆಳಗಾಗಿಯೂ ನೋಡಿದ.
ಮುಂದಿನ ಎರಡು ಹಲ್ಲು ಹೋದ ಮೇಲೆ
ಅವನ ನಾಗಸ್ವರ ಚೀಲದಲ್ಲೇ ಇದೆ.
'ಅಯ್ಯೋ ಮಂಕೆ, ಇದು ತುತ್ತುಕಾರ ಕಣೋ' ಎಂದು
ಆ ಸಂದಿಗೆ ನಾಲಿಗೆ ಕೊಟ್ಟು
ತು ತು ತು ತು ಅಂದ.
'ಯಾರಿಗೆ ಉಗೀತಿದ್ದೀರಿ?' ಅಂತ ಒಳಗಿಂದ ಅಮ್ಮ.

'ಉಸಿರು ನಿಲ್ಲಿಸ್ಬೇಡ. ಅದು ಹಿಂದೆ ಹರೀತಾ ಇರ್ಲಿ.
ನಾಲಿಗೆ ಒಂದೇ ಕದ ಹಾಕಿ ತೆಗೀಬೇಕು.
ತುತ್ತು ಬೇರೆ ಬೇರೆ,
ಹಸಿವು ಒಂದೇ ಅಲ್ವೇನೋ.'
ಚುಕ್ಕಿ ಇಲ್ಲದೆ, ಗೆರೆ ಇಲ್ಲದೆ
ಅವನಿಗಿದು ಗೊತ್ತಿತ್ತು;
ಹೆಸರು ಮಾತ್ರ ಬಳೇಪೇಟೆಯಿಂದ ತಂದಿದ್ದೆ ನಾನು.

ಭಾನುವಾರ ಚಾಮರಾಜಪೇಟೆಯಲ್ಲಿ ಮೆರವಣಿಗೆ.
ಐದನೇ ಮುಖ್ಯರಸ್ತೆಯ ತಿರುವಿನಲ್ಲಿ
ಹಾಳೆಯ ಆ ಜಾಗ ಬಂತು.
ನಾಲಿಗೆ ತಟ್ಟಿದೆ. ಬಿಟ್ಟೆ. ತಟ್ಟಿದೆ.
ಬಿಟ್ಟ ಕಡೆಯಲ್ಲೆಲ್ಲ ಬೀದಿ ಒಳಗೆ ಬಂತು:
ಆಟೋ ಮೀಟರಿನ ಟಿಕ್ಕು,
ಮೊದಲ ಮಹಡಿಯ ಕುಕ್ಕರು,
ಯಾರದೋ ಮಗು 'ಕುದ್ರೆ' ಅಂದದ್ದು.
ನಾಲ್ಕಕ್ಕೂ ಐದಕ್ಕೂ ನಡುವೆ
ಮದುಮಗನ ಕುದುರೆ ಗೊರಸು ಇಟ್ಟಿತು,
ಸರಿಯಾಗಿ ಅಲ್ಲೇ.
ಚಾಂದ್ ಪಾಷಾ ಹುಬ್ಬು ಹಾರಿಸಿದ. ಮಾಸ್ಟರ್ ಏನೂ ಅನ್ನಲಿಲ್ಲ.

ರಾತ್ರಿ ಹನ್ನೆರಡಕ್ಕೆ ಬಾಗಿಲು ತೆಗೆದ ಅಪ್ಪ
'ಹೆಂಗಾಯ್ತೋ?' ಅಂದ.
'ತು ತು' ಅಂದೆ.
ನಕ್ಕ. ನಗು ಕೆಮ್ಮಾಯಿತು,
ಕೆಮ್ಮು ತಿರುಗಿ ನಗುವಾಯಿತು,
ಎಲ್ಲಿ ಬಿಡಿ, ಎಲ್ಲಿ ಜಂಟಿ
ಎಂದು ಯಾವ ಮಾಸ್ಟರೂ ಗುರುತು ಹಾಕಲಾಗದ ಹಾಗೆ.